ಚಿನ್ನದ ಊರಿಗೆ ಕರೆಂಟು ಬಂತು, ಕಕ್ಕಸು ಬರಲಿಲ್ಲ



ಬೇಸಿಗೆ ರಜೆ ಶುರುವಾದ್ರೆ ಸಾಕು, ನನ್ನ ಫೋನಿಗೆ ಕೆಜಿಎಫ್ ವಿಡಿಯೊಗಳು ಬಂದು ಬೀಳ್ತವೆ. ಬ್ರಿಟಿಷರ ಬಂಗಲೆ, ಕ್ಲಬ್ಬು, ತುಕ್ಕು ಹಿಡಿದ ಶಾಫ್ಟು, ಸೈನೈಡ್ ಗುಡ್ಡದ ಮೇಲೆ ಡ್ರೋನ್ ಹಾರಿಸಿ ತೆಗೆದ ಚಿತ್ರ. ಹಿಂದೆ ಒಂದು ದನಿ: "ಇದೇ ನೋಡಿ ಮಿನಿ ಇಂಗ್ಲೆಂಡ್! ಬೆಂಗಳೂರಿಗಿಂತ ಮೊದಲೇ ಕರೆಂಟು ಕಂಡ ಊರು!" ಈ ಸಲ ಜಯಂತಿ ಮುಗಿದ ವಾರದಲ್ಲಿ ನಮ್ಮ ಹುಡುಗರೇ ಅಂಥದ್ದೊಂದು ವಿಡಿಯೊ ಕಳಿಸಿ, "ಅಣ್ಣ, ನಮ್ಮ ಜಿಲ್ಲೆಯ ಹೆಮ್ಮೆ" ಅಂದ್ರು. ಹೆಮ್ಮೆ ಇರಲಿ. ಆದ್ರೆ ಆ ಊರಿನ ಕರೆಂಟು, ನೀರು, ಕಕ್ಕಸಿನ ಕತೆಯನ್ನ ಒಟ್ಟಿಗೆ ಹೇಳಿದವರು ಕಮ್ಮಿ. ಅದಕ್ಕೇ ಇದು. ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತು ಮಾಡ್ಕೊಂಡು ಓದಿ.

ಮೊದಲು ಕರೆಂಟು. 1902ರ ಜೂನ್ ಕೊನೆಯಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ಕಾವೇರಿ ಧುಮುಕುವ ಜಾಗದಿಂದ ಗಣಿಗೆ ಸುಮಾರು 92 ಮೈಲಿ. ಆ ಕಾಲಕ್ಕೆ ಜಗತ್ತಿನಲ್ಲೇ ಅತಿ ಉದ್ದದ ಲೈನುಗಳಲ್ಲಿ ಅದೂ ಒಂದು. ದಿವಾನ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಕೈಗೆತ್ತಿಕೊಂಡ ಯೋಜನೆ. ಬೆಂಗಳೂರಿನ ಬೀದಿಗೆ ದೀಪ ಬಂದಿದ್ದು ಮೂರು ವರ್ಷ ತಡವಾಗಿ, 1905ರ ಆಗಸ್ಟಿನಲ್ಲಿ. ಇಲ್ಲಿವರೆಗೆ ವಿಡಿಯೊದವರು ಹೇಳೋದು ಸರಿ. ಹೇಳದೆ ಬಿಡೋದು ಏನಂದ್ರೆ, ಆ ಲೈನು ಎಳೆದದ್ದು ಊರಿಗಲ್ಲ, ಯಂತ್ರಕ್ಕೆ. ಕಲ್ಲು ಕುಟ್ಟುವ ಮಿಲ್ಲು, ಆಳಕ್ಕೆ ಇಳಿಸಿ ಎತ್ತುವ ಯಂತ್ರ, ಇವುಗಳ ಹೊಟ್ಟೆಗೆ ಕಲ್ಲಿದ್ದಲು, ಸೌದೆ ಹಾಕಿ ಸಾಕಾಗಿದ್ದ ಜಾನ್ ಟೇಲರ್ ಕಂಪನಿಗೆ ಅಗ್ಗದ ಶಕ್ತಿ ಬೇಕಿತ್ತು. ಸಂಸ್ಥಾನಕ್ಕೆ ಕಾಯಂ ಗಿರಾಕಿ ಬೇಕಿತ್ತು. ಇಬ್ಬರಿಗೂ ಲಾಭ ಆಯ್ತು. ಕೂಲಿಯವರ ತಟ್ಟಿ ಗುಡಿಸಲಲ್ಲಿ ಬಲ್ಬು ಉರಿಸೋಣ ಅಂತ ಯಾರೂ ಕಾವೇರಿಯಿಂದ ಕಂಬ ನೆಟ್ಟುಕೊಂಡು ಬರಲಿಲ್ಲ.

ತಟ್ಟಿ ಅಂದ್ರೆ ಗೊತ್ತಲ್ಲ, ಬಿದಿರು ಸೀಳಿ ಹೆಣೆದದ್ದು. ಗೋಡೆಯೂ ಅದೇ. ಒಂದೇ ಕೋಣೆ, ಅದರೊಳಗೆ ಒಂದು ಸಂಸಾರ, ಕೆಲವು ಕಡೆ ಒಂದಕ್ಕಿಂತ ಹೆಚ್ಚು. 1901ರ ಜನಗಣತಿಯಲ್ಲೇ ಗಣಿ ಊರಿನ ಜನಸಂಖ್ಯೆ 38 ಸಾವಿರ ದಾಟಿತ್ತು. ಜಾನ್ ಟೇಲರ್ ಕಂಪನಿ ಬಂದು ಇಪ್ಪತ್ತು ವರ್ಷ ಅಷ್ಟೇ ಆಗಿತ್ತು ಆಗ. ಇಷ್ಟು ಜನ ಎಲ್ಲಿಂದ ಬಂದ್ರು? ಉತ್ತರ ಆರ್ಕಾಟು, ಸೇಲಂ, ಚಿತ್ತೂರು, ಕಡಪ ಕಡೆಯಿಂದ. ಭೂಮಿಯ ಒಳಗೆ ಇಳಿದವರಲ್ಲಿ ಬಹುಪಾಲು ತಮಿಳಿನ ಆದಿದ್ರಾವಿಡರು, ಊರಿನ ಗೌಡರ, ಜಮೀನ್ದಾರರ ಜೀತ ಬಿಟ್ಟು ಬಂದವರು. ಸುತ್ತಮುತ್ತಲ ಹಳ್ಳಿಯ ಕನ್ನಡದವರು, ತೆಲುಗಿನವರು ಮೇಲಿನ ಕೆಲಸ, ಸೌದೆ, ಗಾಡಿ, ಸೊಪ್ಪು ಸದೆ ವ್ಯಾಪಾರ. 1894ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದ್ರೆ ಈಗಿನ ಬಂಗಾರಪೇಟೆಯಿಂದ, ಮಾರಿಕುಪ್ಪಂವರೆಗೆ ರೈಲು ಹಾಕಿದ ಮೇಲೆ ಬರೋದು ಇನ್ನೂ ಸುಲಭ ಆಯ್ತು. ಆ ರೈಲು ಇವತ್ತಿಗೂ ಓಡ್ತಿದೆ. ದಿಕ್ಕು ಮಾತ್ರ ಬದಲಾಗಿದೆ. ಅವತ್ತು ಕೂಲಿಗೆ ಜನ ಒಳಕ್ಕೆ ಬರ್ತಿದ್ರು, ಇವತ್ತು ನಸುಕಿನಲ್ಲೇ ಸಾವಿರಾರು ಜನ ಬೆಂಗಳೂರಿಗೆ ಕೂಲಿಗೆ ಹೋಗ್ತಾರೆ.

ಒಳಗಿನ ಕೆಲಸದ ಬಗ್ಗೆ ಎರಡು ಮಾತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಹೋಗಿತ್ತು. ಅಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು. ನಮಗೆ ಏಪ್ರಿಲ್, ಮೇ ಎರಡು ತಿಂಗಳು ಬೇಸಿಗೆ. ಅವರಿಗೆ ವರ್ಷಪೂರ್ತಿ. ಬಂಡೆ ಸಿಡಿದರೆ ಹೆಣ, ಸಿಡಿಯದೇ ಇದ್ದರೆ ದೂಳು ಕುಡಿದು ಸಿಲಿಕೋಸಿಸ್. ಹೀಗೆ ತೆಗೆದ ಚಿನ್ನ ಒಟ್ಟು 800 ಟನ್ನಿಗೂ ಮೇಲೆ.

ಈಗ ನೀರು. ಪಾಲಾರ್ ನದಿಯ ಬೇತಮಂಗಲದ ಕೆರೆಯಿಂದ ಪಂಪು ಮಾಡಿ, ಸೋಸಿ, ಕೊಳಾಯಿಯಲ್ಲಿ ಗಣಿ ಊರಿಗೆ ನೀರು ತಂದರು. ಸುತ್ತಲಿನ ಎಷ್ಟೋ ಪಟ್ಟಣಗಳಿಗೆ ಕೊಳಾಯಿ ನೀರು ಅನ್ನೋದೇ ಗೊತ್ತಿಲ್ಲದ ಕಾಲ ಅದು. ನಮ್ಮವರಿಗೆ ಅದರಿಂದ ಒಂದು ದೊಡ್ಡ ಅನುಕೂಲ ಆಯ್ತು, ಇದನ್ನ ನಾವು ಮರೆಯಬಾರದು. ಊರಲ್ಲಿ ಬಾವಿ ಮುಟ್ಟಂಗಿಲ್ಲ, ಮೇಲ್ಜಾತಿಯವರು ಸೇದಿ ಹೊಯ್ಯೋವರೆಗೂ ಕೊಡ ಇಟ್ಟುಕೊಂಡು ಕಾಯಬೇಕು. ಕಂಪನಿ ಲೈನಿನ ಬೀದಿ ನಲ್ಲಿಗೆ ಹಗ್ಗವೂ ಇಲ್ಲ, ಮೈಲಿಗೆಯೂ ಇಲ್ಲ. ಸಾಲಿನಲ್ಲಿ ನಿಂತರೆ ಆಯ್ತು. ಕಂಪನಿಯೇನು ಜಾತಿ ನಾಶಕ್ಕೆ ನಲ್ಲಿ ಹಾಕಲಿಲ್ಲ. ಕಾಲರಾ ಬಂದ್ರೆ ಕೂಲಿಗೆ ಜನ ಸಿಗಲ್ಲ ಅಂತ ಹಾಕಿತು. ಆದ್ರೂ ಆ ನಲ್ಲಿಯ ಮುಂದೆ ಬೆಳೆದ ಮಕ್ಕಳ ಬೆನ್ನು ಊರಿನ ಮಕ್ಕಳ ಬೆನ್ನಿನಷ್ಟು ಬಾಗಲಿಲ್ಲ.

ಆ ಬೆನ್ನು ಏನು ಮಾಡಿತು ಅನ್ನೋದಕ್ಕೆ ಎರಡು ಉದಾಹರಣೆ. ಎರಡೂ ನಮ್ಮ ಕನ್ನಡದ ದಲಿತ ಚರಿತ್ರೆಯಲ್ಲಿ ಸರಿಯಾಗಿ ಬರೆಯದೇ ಉಳಿದವು. ತಮಿಳರದ್ದು ಅಂತ ಬಿಟ್ಟೆವೋ ಏನೋ.

ಒಂದು, ಬೌದ್ಧ ಚಳವಳಿ. ಪಂಡಿತ ಅಯೋತಿ ದಾಸರು 1898ರಲ್ಲಿ ಕೊಲಂಬೊಗೆ ಹೋಗಿ ಬೌದ್ಧರಾಗಿ ಬಂದು, ಮದರಾಸಿನಲ್ಲಿ ಶಾಕ್ಯ ಬೌದ್ಧ ಸಂಘ ಕಟ್ಟಿದರು. 1907ರಲ್ಲಿ 'ಒರು ಪೈಸಾ ತಮಿಳನ್' ಪತ್ರಿಕೆ ಶುರು ಮಾಡಿದರು. ಒಂದು ಕಾಸಿನ ಪತ್ರಿಕೆ. ಆ ಸಂಘದ ಗಟ್ಟಿ ಶಾಖೆ ಇದ್ದದ್ದು ಎಲ್ಲಿ ಅಂದುಕೊಂಡ್ರಿ? ಮಾರಿಕುಪ್ಪಂನಲ್ಲಿ. ಶಿಫ್ಟು ಮುಗಿಸಿ ಬಂದು ಕೂತು ಪತ್ರಿಕೆ ಓದಿಸಿ ಕೇಳ್ತಿದ್ರು. ಮದುವೆ, ಸಾವುಗಳನ್ನ ಪುರೋಹಿತರಿಲ್ಲದೆ ಬೌದ್ಧ ಕ್ರಮದಲ್ಲಿ ನಡೆಸುತ್ತಿದ್ದರು. ವೈಶಾಖ ಹುಣ್ಣಿಮೆ ಅವರ ದೊಡ್ಡ ಹಬ್ಬ. ಪಂಡಿತರು 1914ರಲ್ಲಿ ತೀರಿಕೊಂಡ ಮೇಲೆ ಪತ್ರಿಕೆ ನಿಂತು, ಮತ್ತೆ 1926ರಲ್ಲಿ ಹೊರಟಿದ್ದು ಕೆಜಿಎಫ್‌ನಿಂದಲೇ, ಜಿ. ಅಪ್ಪಾದುರೈ ಅವರ ಸಂಪಾದಕತ್ವದಲ್ಲಿ. ಸಿದ್ಧಾರ್ಥ ಪುಸ್ತಕಸಾಲೆ ಅಂತ ಪ್ರಕಾಶನವೂ ಅಲ್ಲೇ ಇತ್ತು. ಬಾಬಾಸಾಹೇಬರು ನಾಗಪುರದಲ್ಲಿ ದೀಕ್ಷೆ ತಗೊಂಡಿದ್ದು 1956ರಲ್ಲಿ. ಅದಕ್ಕೂ ಸುಮಾರು ಐವತ್ತು ವರ್ಷ ಮೊದಲೇ ಇವತ್ತಿನ ಕರ್ನಾಟಕದ ನೆಲದ ಮೇಲೆ ಗಣಿ ಕೂಲಿಗಳು ಬುದ್ಧನ ಹೆಸರು ಹೇಳಿ ಹಬ್ಬ ಮಾಡ್ತಿದ್ರು. ಬಾಬಾಸಾಹೇಬರು 1954ರಲ್ಲಿ ಕೆಜಿಎಫ್‌ಗೆ ಬಂದಾಗ ಖಾಲಿ ಜಾಗಕ್ಕೇನೂ ಬರಲಿಲ್ಲ.

ಎರಡನೇದು 1930ರ ಏಪ್ರಿಲ್. ಆ ತಿಂಗಳು ಗಾಂಧೀಜಿ ದಂಡಿಯಲ್ಲಿ ಉಪ್ಪು ಎತ್ತಿದ್ದು ಎಲ್ಲ ಪಠ್ಯಪುಸ್ತಕದಲ್ಲಿದೆ. ಅದೇ ತಿಂಗಳು ಕೆಜಿಎಫ್‌ನಲ್ಲಿ ಸಾವಿರಾರು ಗಣಿ ಕಾರ್ಮಿಕರು ಮೂರು ವಾರ ಕೆಲಸ ನಿಲ್ಲಿಸಿದರು. ಕಾರಣ ಕೂಲಿ ಹೆಚ್ಚಿಸಿ ಅಂತಲ್ಲ. ಪ್ರತಿಯೊಬ್ಬ ಕೂಲಿಯೂ ಬೆರಳಚ್ಚು ಕೊಟ್ಟು ನೋಂದಣಿ ಮಾಡಿಸಬೇಕು ಅಂತ ಕಂಪನಿ ಹೊರಡಿಸಿದ ಆಜ್ಞೆ. ಬೆರಳಚ್ಚು ತಗೊಳ್ಳೋದು ಕಳ್ಳರದ್ದು, ಕೇಡಿಗಳದ್ದು. ಮೊದಲೇ ಚಿನ್ನ ಕಳ್ಳತನದ ನೆಪದಲ್ಲಿ ಕಾವಲು, ಜಡ್ತಿ, ಗುಡಿಸಲಿಗೆ ನುಗ್ಗಿ ಹುಡುಕಾಟ ಇದ್ದೇ ಇತ್ತು. ಇದು ಅದರ ಮೇಲೆ. ಯೂನಿಯನ್ನಿಗೆ ಮೈಸೂರು ಸಂಸ್ಥಾನದಲ್ಲಿ ಕಾನೂನಿನ ಮನ್ನಣೆ ಬರೋಕೆ ಇನ್ನೂ ಹತ್ತು ವರ್ಷಕ್ಕಿಂತ ಹೆಚ್ಚು ಬೇಕಿತ್ತು. ಹೇಳಿಕೊಳ್ಳೋಕೆ ಒಬ್ಬ ನಾಯಕನ ಹೆಸರೂ ಇಲ್ಲದ ಮುಷ್ಕರ ಅದು. ಬರೀ ಮಾನದ ಪ್ರಶ್ನೆಗೆ ಮೂರು ವಾರ ಕೂಲಿ ಬಿಟ್ಟು ಕೂತವರು ನಮ್ಮ ಜನ. ನನ್ನ ಪ್ರಕಾರ ಮಹಾಡಿನ ಕೆರೆಯ ಪಕ್ಕದಲ್ಲಿ ಇಡಬೇಕಾದ ಘಟನೆ ಇದು. ಆಮೇಲೆ 1946ರ ನವೆಂಬರ್ 4ರ ಗೋಲಿಬಾರಿನಲ್ಲಿ ಆರು ಕಾರ್ಮಿಕರು ಸತ್ತದ್ದು, ಕೆ.ಎಸ್. ವಾಸನ್ ಅವರಂಥ ಕಮ್ಯುನಿಸ್ಟರು, ಮುಂದೆ ಸಿ.ಎಂ. ಆರ್ಮುಗಂ ಅವರ ರಿಪಬ್ಲಿಕನ್ ಪಕ್ಷ, ಅದೆಲ್ಲ ಇನ್ನೊಂದು ದಿನ ಬರೀತೀನಿ.

ಈಗ ಕಕ್ಕಸಿನ ವಿಷಯಕ್ಕೆ ಬರ್ತೀನಿ. ಇದಕ್ಕೇ ಇಷ್ಟು ದೂರ ಬಂದಿದ್ದು.

ಆ ಊರಿನಲ್ಲಿ ಎರಡು ಆಡಳಿತ ಇದ್ವು. ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ ಕಡೆ ಪೇಟೆಯ ಆಡಳಿತ, ಮುನಿಸಿಪಾಲಿಟಿ. ಗಣಿ ಲೈನುಗಳಿರುವ ಕಡೆ ಸ್ಯಾನಿಟರಿ ಬೋರ್ಡು ಮತ್ತು ಕಂಪನಿ. ಲೈನುಗಳಲ್ಲಿ ಮನೆಗೊಂದು ಕಕ್ಕಸು ಇರಲಿಲ್ಲ. ಸಾಲಾಗಿ ಕಟ್ಟಿದ ಸಾಮೂಹಿಕ ಒಣ ಪಾಯಿಖಾನೆ. ನೀರಿಲ್ಲ. ಹೇಲು ಬಿದ್ದಲ್ಲೇ ಬಿದ್ದಿರುತ್ತೆ. ಬೆಳಗಾದರೆ ತಗಡು, ಪೊರಕೆ, ಬಕೆಟ್ಟು ಹಿಡಿದು ಒಂದಷ್ಟು ಜನ ಬಂದು ಅದನ್ನ ಕೆರೆದು, ತುಂಬಿ, ಹೊತ್ತು, ಗುಂಡಿಗೆ ಸುರಿಯಬೇಕು. ಆ ಒಂದಷ್ಟು ಜನ ಯಾರು? ಗಣಿಗೆ ಇಳಿದ ಆದಿದ್ರಾವಿಡರಲ್ಲ. ಅವರಿಗಿಂತಲೂ ಕೆಳಗಿನವರು ಅಂತ ಎಲ್ಲರೂ ಸೇರಿ ಲೆಕ್ಕ ಹಾಕಿದವರು. ತೋಟಿಗಳು ಅಂತ ಕರೀತಿದ್ರು. ಹೆಚ್ಚಿನವರು ತೆಲುಗು ಮಾತಾಡೋರು. ಅವರ ಲೈನು ಬೇರೆ.

ಇಲ್ಲಿ ನಾವು ನಮ್ಮೊಳಗೇ ಒಂದು ಮಾತು ಆಡಿಕೊಳ್ಳಬೇಕು. ಕೆಲವರಿಗೆ ಬೇಜಾರಾಗುತ್ತೆ, ಆಗಲಿ. ಅಯೋತಿ ದಾಸ ಪಂಡಿತರು ಪರೈಯರನ್ನ ಪೂರ್ವ ಬೌದ್ಧರು ಅಂತ ಎತ್ತಿ ನಿಲ್ಲಿಸಿದರು, ದೊಡ್ಡ ಕೆಲಸ. ಆದ್ರೆ ಅದೇ ಕೈಯಲ್ಲಿ ತೋಟಿಗಳನ್ನ, ಚಕ್ಕಿಲಿಯರನ್ನ ಆ ವಂಶದಿಂದ ಹೊರಗಿಟ್ಟು ಬರೆದರು. ಗಣಿಯ ಲೈನುಗಳಲ್ಲೂ ಹಾಗೇ ಆಯ್ತು. ಬೆರಳಚ್ಚು ಕೊಡಲ್ಲ ಅಂತ ನಿಂತ ಲೈನಿನ ಹಿಂದೆಯೇ ಆ ಪಾಯಿಖಾನೆ ಇತ್ತು. ಬುದ್ಧ ಪೂರ್ಣಿಮೆಯ ಮಾರನೇ ದಿನವೂ ಅದನ್ನ ಅವರೇ ತೊಳೆದರು. ಕಂಪನಿಯನ್ನು, ಸರ್ಕಾರವನ್ನು ಬೈಯೋದು ನನಗೂ ಸುಲಭ. ಆದ್ರೆ ಯೂನಿಯನ್ನುಗಳು ಬೋನಸ್ಸಿಗೆ, ಗ್ರೇಡಿಗೆ, ಕ್ಯಾಂಟೀನಿಗೆ ಕಾದಾಡಿದ ಊರಿನಲ್ಲಿ ಕಕ್ಕಸಿಗೆ ನೀರು ಹಾಕಿಸೋಕೆ ಗಣಿಯ ಆಯುಸ್ಸೆಲ್ಲ ಯಾಕೆ ಬೇಕಾಯ್ತು ಅನ್ನೋ ಪ್ರಶ್ನೆಗೆ ಬೈಗುಳ ಒಂದೇ ಉತ್ತರ ಆಗಲ್ಲ.

ಕಾನೂನು ಬರಲಿಲ್ಲವಾ? ಬಂತು. ಎಪ್ಪತ್ತರ ದಶಕದ ಶುರುವಿನಲ್ಲೇ, ದೇವರಾಜ ಅರಸರ ಸರ್ಕಾರದಲ್ಲಿ ಪೌರಾಡಳಿತ ಮಂತ್ರಿಯಾಗಿದ್ದ ನಮ್ಮ ಬಿ. ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರೋದನ್ನ ರಾಜ್ಯದಲ್ಲಿ ನಿಷೇಧ ಮಾಡಿದರು. ಬೂಸಾ ಗಲಾಟೆ ಒಂದನ್ನೇ ನೆನಪಿಟ್ಟುಕೊಂಡಿರೋ ಜನಕ್ಕೆ ಇದು ನೆನಪಿರಲ್ಲ. 1976ರಲ್ಲಿ ಐ.ಪಿ.ಡಿ. ಸಾಲಪ್ಪ ಸಮಿತಿ ಪೌರಕಾರ್ಮಿಕರ ಬದುಕಿನ ಬಗ್ಗೆ ವರದಿ ಕೊಟ್ಟಿತು. ಅಷ್ಟೊತ್ತಿಗೆ ಗಣಿ ಜಾನ್ ಟೇಲರ್ ಕೈಬಿಟ್ಟು, 1956ರಲ್ಲಿ ಮೈಸೂರು ಸರ್ಕಾರ, 1962ರಲ್ಲಿ ಕೇಂದ್ರ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಅಂತ ಕೇಂದ್ರದ ಕಂಪನಿ, ಹೀಗೆ ಕೈ ಬದಲಾಗಿತ್ತು. ಮಾಲೀಕರು ಬದಲಾದರು, ಬಕೆಟ್ಟು ಬದಲಾಗಲಿಲ್ಲ. ರಾಜ್ಯದಲ್ಲಿ ನಿಷೇಧ ಆದ ಮೇಲೂ ಸ್ವತಂತ್ರ ಭಾರತ ಸರ್ಕಾರದ ಸ್ವಂತ ಕಾಲೊನಿಯೊಳಗೆ ಸುಮಾರು ಇಪ್ಪತ್ತು ವರ್ಷ ಒಣ ಪಾಯಿಖಾನೆ ನಡೀತು.

ಅದನ್ನ ನಿಲ್ಲಿಸಿದ್ದು ಆ ಲೈನಿನಲ್ಲೇ ಹುಟ್ಟಿದ ಒಬ್ಬ ಹುಡುಗ. ಬೆಜವಾಡ ವಿಲ್ಸನ್. 1966ರಲ್ಲಿ ಕೆಜಿಎಫ್‌ನಲ್ಲಿ ಹುಟ್ಟಿದವರು. ಅಪ್ಪ 1935ರಿಂದ ಆ ಟೌನ್‌ಶಿಪ್ಪಿನ ಪಾಯಿಖಾನೆ ತೊಳೆಯೋ ಕೆಲಸದಲ್ಲಿದ್ದರು. ಅಣ್ಣನೂ ಅದೇ ಕೆಲಸ. ಚಿಕ್ಕವರಿದ್ದಾಗ ಅಪ್ಪ ಅಮ್ಮ ಏನು ಕೆಲಸ ಮಾಡ್ತಾರೆ ಅಂತ ಮಗನಿಗೆ ಗೊತ್ತಾಗದ ಹಾಗೆ ನೋಡಿಕೊಂಡಿದ್ದರು. ಶಾಲೆಯಲ್ಲಿ ಬೇರೆ ಮಕ್ಕಳು ಹೀಯಾಳಿಸಿ ಹೇಳಿದ ಮೇಲೇ ತಿಳಿದಿದ್ದು. ಓದು ಮುಗಿಸಿ ಕೆಲಸಕ್ಕೆ ಹೆಸರು ನೋಂದಾಯಿಸೋಕೆ ಹೋದರೆ, ಅರ್ಜಿಯಲ್ಲಿ ಇವರು ಬಯಸುವ ಕೆಲಸ ಯಾವುದು ಅನ್ನೋ ಕಡೆ ಅಲ್ಲಿದ್ದವರೇ ಜಾಡಮಾಲಿ ಕೆಲಸ ಅಂತ ತುಂಬಿದ್ದರು. ಓದಿದ್ದು ಯಾರಿಗೂ ಬೇಕಿರಲಿಲ್ಲ, ಹುಟ್ಟಿದ ಲೈನು ಸಾಕಿತ್ತು. ಇದನ್ನೆಲ್ಲ ಅವರೇ ಎಷ್ಟೋ ಸಂದರ್ಶನಗಳಲ್ಲಿ ಹೇಳಿದ್ದಾರೆ. ಇನ್ನೊಂದು ಹೇಳಿದ್ದಾರೆ: ಒಂದು ದಿನ ಮಲದ ಗುಂಡಿಗೆ ಬಕೆಟ್ಟು ಬಿತ್ತು, ಒಬ್ಬ ಕಾರ್ಮಿಕ ತೋಳು ಮಡಚಿ ಬರಿಗೈಯನ್ನ ಗುಂಡಿಯೊಳಗೆ ಹಾಕಿದ. ಬಕೆಟ್ಟು ಕಂಪನಿಯದ್ದು, ಕಳೆದರೆ ಲೆಕ್ಕ ಕೊಡಬೇಕಲ್ಲ. ಅದನ್ನ ನೋಡಿದ ವಿಲ್ಸನ್ ಅಲ್ಲೇ ಕೂತು ಅತ್ತರಂತೆ.

ಎಂಬತ್ತರ ದಶಕದ ನಡುವಿನಿಂದ ಅವರು ಕಾಗದ ಬರೆಯೋಕೆ ಶುರು ಮಾಡಿದರು. ಗಣಿಯ ಅಧಿಕಾರಿಗೆ, ಮಂತ್ರಿಗೆ, ಪ್ರಧಾನಿಗೆ. ಉತ್ತರ ಇಲ್ಲ. ಲೈನಿನೊಳಗೂ ಎಲ್ಲರೂ ಒಪ್ಪಲಿಲ್ಲ. ಪಾಯಿಖಾನೆ ಹೋದರೆ ನಮ್ಮ ಕೆಲಸ ಹೋಗುತ್ತೆ ಅನ್ನೋ ಭಯ, ಅದು ನ್ಯಾಯವಾದ ಭಯವೇ. 1993ರಲ್ಲಿ ಕೇಂದ್ರದ ನಿಷೇಧ ಕಾಯ್ದೆ ಬಂತು. ವಿಲ್ಸನ್ ಪಾಯಿಖಾನೆಗಳ ಫೋಟೊ ತೆಗೆಸಿದರು, ಅವು ಪತ್ರಿಕೆಗೆ ಬಂದವು, ದೆಹಲಿವರೆಗೆ ಸದ್ದಾಯ್ತು. 1994ರಲ್ಲಿ ಕಂಪನಿ ಒಣ ಪಾಯಿಖಾನೆಗಳನ್ನ ನೀರಿನ ಕಕ್ಕಸು ಮಾಡಿತು, ಆ ಕೆಲಸದವರನ್ನ ಬೇರೆ ಕೆಲಸಕ್ಕೆ ಹಾಕಿತು. ಕಾಯ್ದೆಯ ಕತೆಯನ್ನೂ ಕೇಳಿ: 1993ರಲ್ಲಿ ಪಾಸಾದದ್ದು ನಮ್ಮ ರಾಜ್ಯದಲ್ಲಿ ಜಾರಿಗೆ ಬಂದಿದ್ದು 1997ರ ಜನವರಿ 26ಕ್ಕೆ. ಅಂದ್ರೆ ಕಾನೂನು ಜಾರಿಯಾಗೋ ಮುಂಚೆಯೇ ಒಂದು ಲೈನಿನ ಜನ ಅದನ್ನ ಜಾರಿ ಮಾಡಿಸಿದ್ದರು.

ಲೆಕ್ಕ ಹಾಕಿ ನೋಡಿ. 1902ರಿಂದ 1994. 92 ವರ್ಷ. 92 ಮೈಲಿ ದೂರದಿಂದ ಕರೆಂಟು ತಂದ ಊರು ಇದು.

ವಿಲ್ಸನ್ ಆಮೇಲೆ ಎಸ್.ಆರ್. ಶಂಕರನ್, ಪಾಲ್ ದಿವಾಕರ್ ಜೊತೆ ಸೇರಿ ಸಫಾಯಿ ಕರ್ಮಚಾರಿ ಆಂದೋಲನವನ್ನ ದೇಶದ ತುಂಬ ಬೆಳೆಸಿದರು. ಆಂದೋಲನ 2003ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯ್ತು. 2013ರಲ್ಲಿ ಹೊಸ ಕಾಯ್ದೆ, 2014ರ ಮಾರ್ಚ್ 27ಕ್ಕೆ ತೀರ್ಪು: ಒಳಚರಂಡಿಯಲ್ಲಿ ಸತ್ತವರ ಮನೆಯವರಿಗೆ 10 ಲಕ್ಷ ರೂಪಾಯಿ, 1993ರಿಂದ ಸತ್ತ ಎಲ್ಲರಿಗೂ. 2023ರಲ್ಲಿ ಅದು 30 ಲಕ್ಷ ಆಗಿದೆ. (ಇದನ್ನ ಗುರುತು ಹಾಕಿಕೊಳ್ಳಿ. ಸಾವು ಆದ ಕಡೆ ಕಂಟ್ರಾಕ್ಟರು ಐವತ್ತು ಸಾವಿರ ಕೈಗಿಟ್ಟು ಬಿಳಿ ಹಾಳೆಗೆ ಹೆಬ್ಬೆಟ್ಟು ಒತ್ತಿಸಿಕೊಳ್ಳೋಕೆ ಬರ್ತಾನೆ. 1930ರಲ್ಲಿ ಕೊಡಲಿಲ್ಲ, ಈಗಲೂ ಕೊಡಬೇಡಿ.) 2016ರಲ್ಲಿ ವಿಲ್ಸನ್ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಮಿನಿ ಇಂಗ್ಲೆಂಡ್ ವಿಡಿಯೊಗಳಲ್ಲಿ ಒಂದರಲ್ಲಾದ್ರೂ ಈ ಹೆಸರು ಕೇಳಿದ್ದೀರಾ? ಕೆಜಿಎಫ್ ಅಂದ್ರೆ ಯಶ್ ಅಂತ ಹೇಳೋ ಹುಡುಗರಿಗೆ ನಾನು ಬೈಯಲ್ಲ, ಸಿನಿಮಾ ನಾನೂ ನೋಡಿದ್ದೀನಿ.

ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ನೀರಿನ ಕಕ್ಕಸು ಬಂದು ಏಳು ವರ್ಷ ಕೂಡ ಸರಿಯಾಗಿ ಆಗಿರಲಿಲ್ಲ. ಕಕ್ಕಸು ಇತ್ತು, ಕಂಪನಿಯೇ ಇಲ್ಲ. ಲೈನಿಗೆ ನೀರು ಬಿಡೋರು ಯಾರು, ಬೀದಿ ದೀಪ ಯಾರದ್ದು, ಗುಂಡಿ ತುಂಬಿದರೆ ಎತ್ತೋರು ಯಾರು, ಎಲ್ಲ ನಗರಸಭೆ ಮತ್ತು ಕಂಪನಿಯ ನಡುವೆ ಚೆಂಡಾಟ ಆಯ್ತು. ನೀರು ಇಲ್ಲದ ಕಕ್ಕಸು ಮತ್ತೆ ಒಣ ಪಾಯಿಖಾನೆಯೇ ತಾನೆ. ಇದು ಗೊತ್ತಿದ್ದೂ, ನೀರಿನ ಲೆಕ್ಕ ಮಾಡುವಾಗ ಕಕ್ಕಸನ್ನ ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ. ಕುಡಿಯೋಕೆ ಟ್ಯಾಂಕರ್ ಬಂದ್ರೆ ಸಾಕು ಅಂತಾರೆ. ಬೇಸಿಗೆಯಲ್ಲಿ ನಮ್ಮ ಜಿಲ್ಲೆಯಲ್ಲಿ ಬೋರು ಸಾವಿರ ಅಡಿ ದಾಟಿದ್ರೂ ನೀರು ಸಿಗೋದು ಅದೃಷ್ಟ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನ ಸೋಸಿ ಕೋಲಾರದ ಕೆರೆಗಳಿಗೆ ಬಿಡ್ತಿದ್ದಾರೆ. ಅವತ್ತು ನಮ್ಮ ಚಿನ್ನ ಹೊರಕ್ಕೆ ಹೋಯ್ತು, ಇವತ್ತು ಅವರು ತೊಳೆದ ನೀರು ಒಳಕ್ಕೆ ಬರ್ತಿದೆ. ಅದನ್ನೂ ಬೇಡ ಅನ್ನೋ ಸ್ಥಿತಿಯಲ್ಲಿ ನಮ್ಮ ರೈತರು ಇಲ್ಲ.

ಆ ಸೈನೈಡ್ ಗುಡ್ಡ ಇದೆಯಲ್ಲ, ನೀವು ಸೆಲ್ಫಿ ತಗೊಳ್ಳೋದು. ಅದು ಗುಡ್ಡ ಅಲ್ಲ. ಬಂಡೆ ಪುಡಿ ಮಾಡಿ, ಸೈನೈಡಿನಲ್ಲಿ ಚಿನ್ನ ತೊಳೆದು ತೆಗೆದ ಮೇಲೆ ಉಳಿದ ಹಿಟ್ಟು. ನೂರು ವರ್ಷಕ್ಕೂ ಹೆಚ್ಚು ಕಾಲ ಸುರಿದ ರಾಶಿ. ಬೇಸಿಗೆ ಗಾಳಿಗೆ ಅದು ಎದ್ದು ಲೈನುಗಳ ಮೇಲೆ, ಒಣಗಿಸಿದ ಬಟ್ಟೆ ಮೇಲೆ, ಅನ್ನದ ತಟ್ಟೆ ಮೇಲೆ ಕೂರುತ್ತೆ. ಅದರಲ್ಲಿ ಇನ್ನೂ ಚಿನ್ನ ಉಳಿದಿದೆ, ಮತ್ತೆ ಸೋಸಬೇಕು ಅಂತ ಆಗಾಗ ದೆಹಲಿಯಿಂದ ಸುದ್ದಿ ಬರುತ್ತೆ. ಸೋಸಲಿ. ಆದ್ರೆ ಆ ಲೈನಿನ ಮನೆಗಳ ಹಕ್ಕುಪತ್ರ, ಬಾಕಿ, ನೀರು, ಕಕ್ಕಸು ಇವುಗಳ ಇತ್ಯರ್ಥ ಮೊದಲು ಆಗಲಿ, ಆಮೇಲೆ ಟೆಂಡರು. ಈ ಮಾತನ್ನ ಜಯಂತಿ ವೇದಿಕೆಗೆ ಬರೋ ಎಲ್ಲ ಪಕ್ಷದವರ ಮುಂದೆ ಕೇಳಿ. ಹಾರ ಹಾಕಿಸಿಕೊಂಡು ಹೋಗೋಕೆ ಬಿಡಬೇಡಿ.

ಕೆಜಿಎಫ್, ಬಂಗಾರಪೇಟೆ, ಬೇತಮಂಗಲ ಕಡೆಯ ಗೆಳೆಯರಿಗೆ ಒಂದು ಕೆಲಸ. ಮುಂದಿನ ತಿಂಗಳು ಬುದ್ಧ ಪೂರ್ಣಿಮೆ. ಮಕ್ಕಳಿಗೂ ರಜೆ. ಹಳೇ ಲೈನುಗಳಲ್ಲಿ 1994ಕ್ಕೆ ಮೊದಲು ಪಾಯಿಖಾನೆ ಕೆಲಸ ಮಾಡಿದ ಅಜ್ಜ ಅಜ್ಜಿಯರು ಇನ್ನೂ ಒಂದಷ್ಟು ಜನ ಇದ್ದಾರೆ. ಹೋಗಿ ಕೂತು ಮಾತಾಡಿಸಿ. ತೆಲುಗು ಬರೋರನ್ನ ಜೊತೆಗೆ ಕರ್ಕೊಂಡು ಹೋಗಿ. ಅವರ ಹತ್ರ ಕಂಪನಿಯ ಗುರುತಿನ ಚೀಟಿ, ಸಂಬಳದ ಚೀಟಿ, ಬೇರೆ ಕೆಲಸಕ್ಕೆ ಹಾಕಿದ ಆರ್ಡರು ಏನಾದ್ರೂ ಇದ್ರೆ, ಕೇಳಿ ಒಪ್ಪಿಗೆ ತಗೊಂಡು ಫೋಟೊ ತೆಗೆದು ಕಳಿಸಿ. 'ತಮಿಳನ್' ಪತ್ರಿಕೆಯ ಹಳೇ ಸಂಚಿಕೆ, ಬೌದ್ಧ ಸಂಘದ ಕರಪತ್ರ ಯಾರ ಮನೆಯ ಅಟ್ಟದಲ್ಲಾದ್ರೂ ಇದ್ರೆ ಅದೂ ಬೇಕು, ಗೆದ್ದಲು ಹಿಡಿದಿದ್ರೂ ಪರವಾಗಿಲ್ಲ. ಅವರ ಹೆಸರು, ಮುಖ ಮಾತ್ರ ಕೇಳದೆ ಎಲ್ಲೂ ಹಾಕಬೇಡಿ. ಮಕ್ಕಳು ಮೊಮ್ಮಕ್ಕಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾರೆ, ಅವರಿಗೆ ಏನು ಹೇಳಿದ್ದಾರೋ, ಏನು ಹೇಳಿಲ್ಲವೋ.